ಸದ್ದು ನಿಂತ ಮೇಲೆ

ಚಳಿಗಾಲದ ಬೆಳಿಗ್ಗೆ, ರಾತ್ರಿಯೆಲ್ಲ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿದಾಗ ಬಾನೆಟ್ಟಿನ ಕೆಳಗಿಂದ ಟಿಕ್ ಟಿಕ್ ಟಿಕ್ ಎಂಬ ಸದ್ದು ಕೇಳಿಬರುವುದುಂಟು. ಎಕ್ಸಲರೇಟರ್ ಒತ್ತಿದರೆ ಸದ್ದೂ ಅದೇ ತಾಳಕ್ಕೆ ಚುರುಕಾಗುತ್ತದೆ. ಸ್ವಲ್ಪ ದೂರ ಓಡಿಸುವಷ್ಟರಲ್ಲಿ ಮೆಲ್ಲಗೆ ತಗ್ಗಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಂತೇ ಹೋಗುತ್ತದೆ. ಕಾರಿನೊಳಗಿದ್ದವರು ಹೇಳುವ ಮಾತೂ ಗೊತ್ತಿದ್ದದ್ದೇ: ‘ಚಳಿಗೆ ಹಾಗಾಗುತ್ತೆ, ಬಿಸಿ ಆದ್ಮೇಲೆ ಸರಿಹೋಗುತ್ತೆ.’ ಮರುದಿನ ಬೆಳಿಗ್ಗೆ ಮತ್ತೆ ಅದೇ ಸದ್ದು, ಮತ್ತೆ ಅದೇ ಸಮಾಧಾನ. ವರ್ಷಗಟ್ಟಲೆ ಹೀಗೇ ಓಡುವ ಕಾರುಗಳಿವೆ.

ಎಷ್ಟೋ ಸಲ ಆ ಸದ್ದು ಹುಟ್ಟುವುದು ಎಂಜಿನ್ನಿನ ಹೆಡ್ಡಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನಡುವೆ ಕೂತಿರುವ ತೆಳ್ಳನೆಯ ಗ್ಯಾಸ್ಕೆಟ್ಟಿನಲ್ಲಿ. ನಮ್ಮ ಗ್ಯಾರೇಜುಗಳಲ್ಲಿ ಅದಕ್ಕೆ ಪ್ಯಾಕಿಂಗ್ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಟ್ಯಾಪೆಟ್ ಸಡಿಲವಾದರೂ ಇಂಥದೇ ಸದ್ದು ಬರುವುದರಿಂದ ಕೇಳಿದೊಡನೆ ತೀರ್ಪು ಕೊಡುವ ಹಾಗಿಲ್ಲ. ಆದರೆ ತಣ್ಣಗಿದ್ದಾಗ ಜೋರಾಗಿದ್ದು, ಬಿಸಿಯಾದಂತೆ ಅಡಗಿ, ಏರು ಹತ್ತುವಾಗ ಮತ್ತೆ ತಲೆಯೆತ್ತುವ ಸದ್ದಾದರೆ ಮೊದಲು ಪ್ಯಾಕಿಂಗನ್ನೇ ಅನುಮಾನಿಸಬೇಕು. ನನ್ನನ್ನು ಕಾಡುತ್ತಿರುವುದು ಆ ಸದ್ದಿಗಿಂತ ಹೆಚ್ಚಾಗಿ, ಅದು ನಿಂತಾಗ ನಮಗಾಗುವ ನೆಮ್ಮದಿ. ಆ ನೆಮ್ಮದಿಗೆ ಆಧಾರವೇನು? ‘ಕೇಳಿಸುತ್ತಿಲ್ಲ’ ಎಂಬಲ್ಲಿಂದ ‘ಇಲ್ಲ’ ಎಂಬಲ್ಲಿಗೆ ಮನಸ್ಸು ಇಷ್ಟು ಸಲೀಸಾಗಿ ದಾಟಿಬಿಡುವುದು ಹೇಗೆ?

ಮೊದಲು ಲೋಹದ ಸಂಗತಿ ನೋಡೋಣ. ನಮ್ಮ ದೇಶದ ಮಧ್ಯಮ ವರ್ಗದ ಮನೆಗಳಿಗೆ ಕಾರು ತಂದುಕೊಟ್ಟ ಮಾರುತಿ 800ನ್ನೇ ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ ನಿಂತದ್ದು 2014ರಲ್ಲಿ. ನಮ್ಮ ಸಣ್ಣ ಊರುಗಳಲ್ಲಿ ಈ ಕಾರುಗಳು ಈಗಲೂ ಓಡುತ್ತಿವೆ. 796 ಸಿಸಿಯ ಮೂರು ಸಿಲಿಂಡರಿನ ಪುಟ್ಟ ಎಂಜಿನ್. ಅದರ ಹೆಡ್ಡು ಅಲ್ಯೂಮಿನಿಯಂ, ಸುಟ್ಟ ಗಾಳಿಯನ್ನು ಸೈಲೆನ್ಸರಿನ ಕಡೆಗೆ ಒಯ್ಯುವ ಮ್ಯಾನಿಫೋಲ್ಡು ಬೀಡು ಕಬ್ಬಿಣ. ಇಂಥ ಪೆಟ್ರೋಲ್ ಎಂಜಿನ್ ಎಳೆತದಲ್ಲಿದ್ದಾಗ ಹೊರಬೀಳುವ ಗಾಳಿಯ ಶಾಖ 700ರಿಂದ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹೆಡ್ಡಿನೊಳಗೆ ನೀರು ಹರಿಯುವುದರಿಂದ ಅದರ ಮೈ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮ್ಯಾನಿಫೋಲ್ಡಿಗೆ ಆ ತಂಪಿಲ್ಲ. ದೂರದ ಓಟದಲ್ಲಿ ಅದು 500 ಡಿಗ್ರಿ ದಾಟುತ್ತದೆ.

ಬಿಸಿಯಾದ ಲೋಹ ಹಿಗ್ಗುತ್ತದೆ ಎಂಬುದು ಶಾಲೆಯ ಪಾಠ. ಇಲ್ಲಿ ಅದನ್ನು ಲೆಕ್ಕ ಹಾಕಿ ನೋಡಬೇಕು. ಒಂದಡಿ ಉದ್ದದ ಬೀಡು ಕಬ್ಬಿಣದ ಪಟ್ಟಿ 500 ಡಿಗ್ರಿ ಕಾದರೆ ಒಂದೂವರೆ ಮಿಲಿಮೀಟರಿಗೂ ಮಿಕ್ಕಿ ಉದ್ದವಾಗುತ್ತದೆ. ಅದರೆದುರು ಬೋಲ್ಟಾಗಿ ಕೂತಿರುವ ಅಷ್ಟೇ ಉದ್ದದ ಅಲ್ಯೂಮಿನಿಯಂ, ನೀರಿನ ತಂಪಿನಿಂದಾಗಿ, ಅರ್ಧ ಮಿಲಿಮೀಟರಿನಷ್ಟು ಮಾತ್ರ ಹಿಗ್ಗುತ್ತದೆ. ಒಂದಕ್ಕೊಂದು ಬಿಗಿದ ಎರಡು ಲೋಹಗಳ ನಡುವೆ ಒಂದು ಮಿಲಿಮೀಟರಿನ ವ್ಯತ್ಯಾಸ. ಪ್ರತಿ ಸ್ಟಾರ್ಟಿಗೆ ಒಮ್ಮೆ ಹೋಗಿ, ಕಾರು ತಣಿದಾಗ ಒಮ್ಮೆ ಬಂದು, ಮ್ಯಾನಿಫೋಲ್ಡು ಹೆಡ್ಡಿನ ಮೇಲೆ ದಿನವೂ ಸರಿದಾಡುತ್ತದೆ. ಅದಕ್ಕೆಂದೇ ಮ್ಯಾನಿಫೋಲ್ಡಿನ ಕೊನೆಯ ತೂತುಗಳನ್ನು ಹೆಡ್ಡಿನಿಂದ ಚಾಚಿಕೊಂಡಿರುವ ಸ್ಟಡ್ಡಿಗಿಂತ ಅಗಲವಾಗಿ, ಎಷ್ಟೋ ಕಾರುಗಳಲ್ಲಿ ಉದ್ದುದ್ದವಾಗಿ ಕೊರೆದಿರುತ್ತಾರೆ. ಸರಿದಾಡಲು ಜಾಗ ಕೊಡದಿದ್ದರೆ ಸ್ಟಡ್ಡು ಮುರಿಯುತ್ತದೆ, ಇಲ್ಲವೇ ಮ್ಯಾನಿಫೋಲ್ಡು ಸೀಳುತ್ತದೆ.

ಈ ಚಲನೆಯ ನಡುವೆ ಕೂತು ಗಾಳಿಯನ್ನು ತಡೆಯುವುದು ಪ್ಯಾಕಿಂಗಿನ ಕೆಲಸ. ನಾವು ಅದನ್ನು ಸಂದು ಮುಚ್ಚುವ ಅಂಟು ಎಂದುಕೊಳ್ಳುತ್ತೇವೆ. ಅಂಟಾಗಿದ್ದರೆ ಅದು ಒಂದು ವಾರವೂ ಬಾಳುತ್ತಿರಲಿಲ್ಲ. ಒಳ್ಳೆಯ ಪ್ಯಾಕಿಂಗುಗಳಲ್ಲಿ ಹಲವಕ್ಕೆ ಎರಡು ಬಗೆಯ ಮೈ. ಹೆಡ್ಡಿನ ಕಡೆಗೆ ಗ್ರಾಫೈಟಿನಂಥ ಮೆದು ಪದರ, ಮ್ಯಾನಿಫೋಲ್ಡಿನ ಕಡೆಗೆ ನುಣುಪಾದ ಉಕ್ಕಿನ ಹಾಳೆ. ಮೆದು ಮೈ ಹೆಡ್ಡಿನ ಕಣ್ಣಿಗೆ ಕಾಣದ ತಗ್ಗುದಿಬ್ಬಗಳಲ್ಲಿ ಇಳಿದು ಹಿಡಿದು ಕೂರುತ್ತದೆ. ನುಣುಪು ಮೈ ಬೀಡು ಕಬ್ಬಿಣಕ್ಕೆ ತನ್ನ ಮೇಲೆ ಜಾರಲು ಅವಕಾಶ ಕೊಡುತ್ತದೆ. ತಿರುಗಿಸಿ ಹಾಕಿದರೆ ಹೊಸ ಪ್ಯಾಕಿಂಗೂ ಬೇಗ ಹರಿಯುತ್ತದೆ. ಹಿಡಿಯುವುದೂ ಬಿಡುವುದೂ ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ನಡೆಯುವುದನ್ನು ಕಂಡಾಗಲೆಲ್ಲ, ಇದನ್ನು ಮೊದಲು ಯೋಚಿಸಿದ ಎಂಜಿನಿಯರುಗಳ ಬಗ್ಗೆ ನನಗೆ ದೊಡ್ಡ ಗೌರವ ಮೂಡುತ್ತದೆ.

ವರ್ಷಗಳು ಕಳೆದಂತೆ ಆ ಮೆದು ಪದರ ಸುಟ್ಟು, ತೆಳ್ಳಗಾಗಿ, ಒಂದು ಕಡೆ ಬಿರುಕು ಬಿಡುತ್ತದೆ. ಬೆಳಿಗ್ಗೆ ಲೋಹ ಕುಗ್ಗಿರುವಾಗ ಬಿರುಕು ತೆರೆದಿರುತ್ತದೆ. ಒಂದೊಂದು ಸಿಲಿಂಡರ್ ಗಾಳಿ ಬಿಟ್ಟಾಗಲೂ ಅಲ್ಲಿಂದ ಒಂದೊಂದು ಟಿಕ್. ಕಾದ ಲೋಹ ಹಿಗ್ಗಿ ಸಂದನ್ನು ಒತ್ತಿದಾಗ ಸದ್ದು ಅಡಗುತ್ತದೆ. ಅಂದರೆ ಬಿಸಿ ಬಿರುಕನ್ನು ವಾಸಿಮಾಡಲಿಲ್ಲ, ಒತ್ತಿ ಹಿಡಿಯಿತು ಅಷ್ಟೆ. ಒತ್ತು ಸಾಲದ ಕಡೆ ಸೋರಿಕೆ ಸದ್ದಿಲ್ಲದೆ ಮುಂದುವರಿಯುತ್ತದೆ, ರಸ್ತೆಯ ಗದ್ದಲದಲ್ಲಿ ಅದು ನಮ್ಮ ಕಿವಿಯ ವರೆಗೆ ಬರುವುದಿಲ್ಲ.

‘ಇಲ್ಲ’ ಎಂಬುದನ್ನು ನಾವು ಹೇಗೆ ತಿಳಿಯುತ್ತೇವೆ ಎಂದು ನಮ್ಮ ದಾರ್ಶನಿಕರು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ನೆಲದ ಮೇಲೆ ಗಡಿಗೆ ಇಲ್ಲ ಎಂದು ನನಗೆ ಗೊತ್ತು. ಆದರೆ ಕಣ್ಣಿಗೆ ಕಂಡದ್ದು ನೆಲ ಮಾತ್ರ. ಗಡಿಗೆಯ ಇಲ್ಲದಿರುವಿಕೆ ಕಂಡದ್ದು ಯಾವ ಇಂದ್ರಿಯಕ್ಕೆ? ಕುಮಾರಿಲ ಭಟ್ಟನ ಮೀಮಾಂಸೆ ಮತ್ತು ಅದ್ವೈತ ಇದಕ್ಕೆಂದು ಅನುಪಲಬ್ಧಿ, ಅಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನೇ, ತಿಳಿವಿನ ಸಾಧನವನ್ನೇ, ಒಪ್ಪಿದವು; ನೈಯಾಯಿಕರು ಅದು ಬೇಕಿಲ್ಲ, ಪ್ರತ್ಯಕ್ಷವೇ ಸಾಕು ಎಂದರು. ಆ ಜಗಳ ಇಲ್ಲಿ ಮುಖ್ಯವಲ್ಲ. ಮುಖ್ಯವಾದದ್ದು ಅವರು ಇಟ್ಟ ಷರತ್ತು. ಧರ್ಮರಾಜ ಅಧ್ವರೀಂದ್ರನ ‘ವೇದಾಂತ ಪರಿಭಾಷಾ’ದಲ್ಲಿ ಅದು ಸ್ಪಷ್ಟವಾಗಿದೆ: ಕಾಣದಿರುವಿಕೆ ಯೋಗ್ಯವಾಗಿರಬೇಕು. ವಸ್ತು ಅಲ್ಲಿ ಇದ್ದಿದ್ದರೆ ಖಂಡಿತ ಕಾಣುತ್ತಿತ್ತು ಎಂಬ ಸ್ಥಿತಿಯಲ್ಲಿ ಮಾತ್ರ ‘ಕಾಣಲಿಲ್ಲ, ಆದ್ದರಿಂದ ಇಲ್ಲ’ ಎನ್ನಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದರಿಂದ ಏನೂ ಸಿದ್ಧವಾಗದು. ಧರ್ಮಾಧರ್ಮಗಳಂತೆ ಇಂದ್ರಿಯಕ್ಕೆ ನಿಲುಕದೇ ಇರುವುದೇ ಸ್ವಭಾವವಾದ ವಸ್ತುವಾದರೆ, ಹಗಲು ಬೆಳಕಿನಲ್ಲಿ ಕಾಣದಿದ್ದರೂ ಅದರಿಂದ ಏನೂ ಸಿದ್ಧವಾಗದು.

ಈ ಷರತ್ತನ್ನು ಕಾರಿನ ಸೋರಿಕೆಗೆ ಹಚ್ಚಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಪ್ಯಾಕಿಂಗಿನ ಬಿರುಕಿನಿಂದ ಹೊರಬರುವ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮೂಗು ಗಂಟಲು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಸುಮಾರು 200ರಿಂದ 250 ಪಟ್ಟು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಶುದ್ಧ ಗಾಳಿಗೆ ಬಂದ ಮೇಲೂ ರಕ್ತದಲ್ಲಿ ಸೇರಿದ್ದು ಅರ್ಧಕ್ಕೆ ಇಳಿಯಲು ನಾಲ್ಕೈದು ತಾಸು ಬೇಕು. ಪೆಟ್ರೋಲಿನ, ಸುಟ್ಟ ಗಾಳಿಯ ವಾಸನೆ ಬಂದರೆ ಅದು ಜೊತೆಗಿರುವ ಬೇರೆ ಅನಿಲಗಳ ಉಪಕಾರ. ಅವು ಬರದಿದ್ದರೆ ‘ಏನೂ ವಾಸನೆ ಇಲ್ಲವಲ್ಲ’ ಎಂಬ ನಮ್ಮ ಸಾಕ್ಷ್ಯ ಕತ್ತಲ ಕೋಣೆಯಲ್ಲಿ ಗಡಿಗೆ ಹುಡುಕಿದವನ ಸಾಕ್ಷ್ಯವೇ.

ಕಾಣದ್ದನ್ನು ಕಾಣುವಂತೆ ಮಾಡುವುದಕ್ಕೆ ಮನುಷ್ಯ ಪಟ್ಟ ಪಾಡು ದೊಡ್ಡದು. ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಗಣಿ ಸ್ಫೋಟಗಳಲ್ಲಿ ಸತ್ತ ಕಾರ್ಮಿಕರಲ್ಲಿ ಎಷ್ಟೋ ಮಂದಿಯನ್ನು ಕೊಂದದ್ದು ಬೆಂಕಿಯಲ್ಲ, ಈ ಅನಿಲ ಎಂದು ತೋರಿಸಿಕೊಟ್ಟ. ಅದರ ಪರಿಣಾಮ ತಿಳಿಯಲು ಅನಿಲವನ್ನು ತಾನೇ ಉಸಿರಾಡಿ, 1895ರಲ್ಲಿ ಆ ಪ್ರಯೋಗಗಳನ್ನು ಪ್ರಕಟಿಸಿದ. ಗಣಿಗೆ ಇಳಿಯುವಾಗ ಸಣ್ಣ ಪ್ರಾಣಿಗಳನ್ನು ಜೊತೆಗೊಯ್ಯಿರಿ ಎಂದು ಸಲಹೆ ಕೊಟ್ಟವನೂ ಅವನೇ. ಪುಟ್ಟ ಹಕ್ಕಿಯ ಉಸಿರಾಟ ಬಿರುಸಾದ್ದರಿಂದ ಅದು ಮನುಷ್ಯನಿಗಿಂತ ಮೊದಲೇ ಕುಸಿಯುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಈ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಿದ್ದು 1986ರ ಹೊತ್ತಿಗೆ.

ಕಾರಿನೊಳಗೆ ಬಿರುಸಾಗಿ ಉಸಿರಾಡುವವರು ಮಕ್ಕಳು.

ಬೆಳಗಿನ ಹೊತ್ತು ಏನೇನು ಒಟ್ಟು ಸೇರುತ್ತದೆ ನೋಡಿ. ಲೋಹ ತಣ್ಣಗಿರುವುದರಿಂದ ಬಿರುಕು ಅಗಲವಾಗಿ ತೆರೆದಿದೆ. ತಣ್ಣನೆಯ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕಾದ್ದರಿಂದ ಕಾರ್ಬನ್ ಮೊನಾಕ್ಸೈಡೂ ಆಗಲೇ ಹೆಚ್ಚು. ಅದನ್ನು ಕೊಲ್ಲಬೇಕಾದ ಕ್ಯಾಟಲಿಟಿಕ್ ಕನ್ವರ್ಟರ್ 250–300 ಡಿಗ್ರಿ ಕಾಯುವ ತನಕ ಕೆಲಸ ಶುರುಮಾಡುವುದೇ ಇಲ್ಲ. ಮಾಡಿದರೂ ಈ ಸೋರಿಕೆ ಅದಕ್ಕಿಂತ ಮುಂಚಿನ ದಾರಿಯಲ್ಲೇ ಇದೆ. ಕಾರು ನಿಂತಿರುವುದೋ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಥವಾ ಮನೆಯ ಶೆಡ್ಡಿನಲ್ಲಿ. ‘ಎಂಜಿನ್ ಬಿಸಿಯಾಗಲಿ’ ಎಂದು ಸ್ಟಾರ್ಟ್ ಮಾಡಿಟ್ಟು, ಸ್ಕೂಲ್ ಬ್ಯಾಗು ಟಿಫಿನ್ ಡಬ್ಬಿಗಳ ಜೊತೆ ಮಕ್ಕಳನ್ನು ಒಳಗೆ ಕೂರಿಸುತ್ತೇವೆ. ಕಾರಿನ ಬ್ಲೋವರ್ ಹೊರಗಿನ ಗಾಳಿಯನ್ನು ಎಳೆದುಕೊಳ್ಳುವುದು ಮುಂದಿನ ಗಾಜಿನ ಬುಡದಿಂದ, ಅಂದರೆ ಬಾನೆಟ್ಟಿನ ಹಿಂಬದಿಯ ಅಂಚಿನಿಂದಲೇ. ಓಡುವಾಗ ಗಾಳಿ ಸೋರಿದ್ದನ್ನು ಹಿಂದಕ್ಕೆ ಕೊಚ್ಚಿಕೊಂಡು ಹೋಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ನಿಂತಾಗ ಆ ಅನುಕೂಲವೂ ಇಲ್ಲ.

ತಲೆಭಾರ, ಆಕಳಿಕೆ, ಹೊಟ್ಟೆ ತೊಳಸುವುದು. ವಿಷದ ಮೊದಲ ಲಕ್ಷಣಗಳು ಇಷ್ಟೇ. ಚಾರ್ಮಾಡಿ ಘಾಟಿಯಲ್ಲೋ ಆಗುಂಬೆಯಲ್ಲೋ ಹಿಂದಿನ ಸೀಟಿನ ಮಗು ಮುಖ ಬಾಡಿಸಿಕೊಂಡರೆ ನಾವು ತಿರುವನ್ನು ಬೈದು, ನಿಂಬೆಹಣ್ಣು ಮೂಸಿಸುತ್ತೇವೆ. ಬಹುಪಾಲು ಸಲ ಅದು ತಿರುವಿನ ತಪ್ಪೇ. ಆದರೆ ಟಿಕ್ ಟಿಕ್ ಎನ್ನುವ ಕಾರಿನಲ್ಲಿ ಹಾಗೆಂದು ನಂಬಿ ಕೂರುವ ಹಕ್ಕು ನಮಗಿಲ್ಲ.

ಸೋರಿಕೆಯ ಇನ್ನೊಂದು ಮುಖ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಬಿರುಕಿನಿಂದ ಗಾಳಿ ಹೊರಗೆ ಹೋಗುವುದಷ್ಟೇ ಅಲ್ಲ, ಒಳಗೂ ಬರುತ್ತದೆ. ಸುಟ್ಟ ಗಾಳಿ ನಲ್ಲಿಯ ನೀರಿನಂತೆ ಒಂದೇ ಸಮ ಹರಿಯದೆ, ಹೊಡೆತ ಹೊಡೆತವಾಗಿ ಬರುತ್ತದೆ. ಒಂದು ಹೊಡೆತ ಹಾದುಹೋದ ಬೆನ್ನಿಗೆ ಕೊಳವೆಯಲ್ಲಿ ಒತ್ತಡ ಕುಸಿದು, ಆ ಕ್ಷಣ ಬಿರುಕು ಹೊರಗಿನ ಗಾಳಿಯನ್ನು ಒಳಕ್ಕೆ ಹೀರುತ್ತದೆ. ಈಗಿನ ಕಾರುಗಳಲ್ಲಿ ಸ್ವಲ್ಪ ಮುಂದೆ ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಪೆಟ್ರೋಲಿನ ಒಂದು ಪಾಲಿಗೆ ಗಾಳಿ 14.7 ಪಾಲು ಎಂಬ ಹದ ತಪ್ಪದಂತೆ ಕಾಯುವುದು ಅದರ ಹೊಣೆ. ಹೀರಿಕೊಂಡ ಆ ಗಾಳಿ ತಾಗಿದಾಗ ಸೆನ್ಸರ್ ‘ಇಲ್ಲಿ ಆಮ್ಲಜನಕ ಮಿಕ್ಕಿದೆ’ ಎಂದು ಕಂಪ್ಯೂಟರಿಗೆ ತಿಳಿಸುತ್ತದೆ. ಅದು ಸುಳ್ಳು ಹೇಳಲಿಲ್ಲ. ತನ್ನೆದುರು ಇದ್ದದ್ದನ್ನು ಇದ್ದ ಹಾಗೆಯೇ ಹೇಳಿತು. ಕಂಪ್ಯೂಟರೂ ನ್ಯಾಯವಾಗಿಯೇ ‘ಹಾಗಾದರೆ ಪೆಟ್ರೋಲ್ ಸಾಲದು’ ಎಂದು ತೀರ್ಮಾನಿಸಿ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜು ಇಳಿಯುತ್ತದೆ, ವಿಷ ಹೆಚ್ಚುತ್ತದೆ, ಕನ್ವರ್ಟರ್ ಕಾದು ಕೆಡುತ್ತದೆ. ಸಾಕ್ಷಿ ಪ್ರಾಮಾಣಿಕ, ನ್ಯಾಯಾಧೀಶ ಪ್ರಾಮಾಣಿಕ, ತೀರ್ಪು ಮಾತ್ರ ತಪ್ಪು. ಸಾಕ್ಷಿಯ ಎದುರಿಗೆ ಬಂದದ್ದು ನಿಜವಾದ ವಿಷಯವೋ ನಡುದಾರಿಯಲ್ಲಿ ನುಸುಳಿದ್ದೋ ಎಂದು ಕೇಳುವವರು ಆ ವ್ಯವಸ್ಥೆಯಲ್ಲಿ ಯಾರೂ ಇರಲಿಲ್ಲ. ಇಂಥ ತೀರ್ಪುಗಳು ಕಾರಿನ ಹೊರಗೂ ಎಷ್ಟು ನಡೆಯುತ್ತವೆ ಎಂಬುದನ್ನು ಓದುಗರ ಯೋಚನೆಗೇ ಬಿಡುತ್ತೇನೆ.

ಹಾಸನದ ಒಂದು ಗ್ಯಾರೇಜಿನಲ್ಲಿ ನಮ್ಮ ಮನೆಯ ಕಾರಿನ ಮ್ಯಾನಿಫೋಲ್ಡು ಬಿಚ್ಚುವಾಗ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬಿಚ್ಚಿದವರು ಹುಡುಗರು ಉಸ್ತಾದ್ ಎಂದು ಕರೆಯುವ ಹಿರಿಯ ಮೆಕ್ಯಾನಿಕ್. ಮೊದಲು ಸೋಪಿನ ನೀರನ್ನು ತಣ್ಣಗಿನ ಮ್ಯಾನಿಫೋಲ್ಡಿನ ಸಂದಿಯುದ್ದಕ್ಕೂ ಚಿಮುಕಿಸಿ, ಹುಡುಗನಿಗೆ ಸ್ಟಾರ್ಟ್ ಮಾಡಲು ಹೇಳಿದರು. ಸುಟ್ಟ ಗಾಳಿ ಹೊರಬರುವ ಮೂರನೆಯ ಪೋರ್ಟಿನ ಕೆಳಗೆ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಅಷ್ಟು ಹೊತ್ತು ಇಲ್ಲದ ಹಾಗಿದ್ದ ಸೋರಿಕೆ ಎಲ್ಲರ ಕಣ್ಣಿಗೂ ಬಿತ್ತು. ದಾರ್ಶನಿಕರು ಕೇಳಿದ ಯೋಗ್ಯತೆಯನ್ನು ಒಂದು ಹಿಡಿ ನೊರೆ ಒದಗಿಸಿತ್ತು.

‘ಪ್ಯಾಕಿಂಗ್ ಹೋಗೈತೆ ಸಾರ್,’ ಎಂದರು. ‘ಆದ್ರೆ ಪ್ಯಾಕಿಂಗ್ ಸುಮ್‌ಸುಮ್ನೆ ಹೋಗಲ್ಲ.’

ಎಂಜಿನ್ ತಣಿಯಲು ಬಿಟ್ಟು, ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಮಧ್ಯಾಹ್ನದ ವರೆಗೂ ಕಾದರು. ಬಿಚ್ಚುವಾಗ ಒಂದೇ ಸಲಕ್ಕೆ ತಿರುಗಿಸಲಿಲ್ಲ. ಕಾಲು ಸುತ್ತು ಸಡಿಲಿಸಿ, ಸ್ವಲ್ಪ ಹಿಂದಕ್ಕೆ ಬಿಗಿದು, ಮತ್ತೆ ಸಡಿಲಿಸಿ. ಅವಸರ ಮಾಡಿದರೆ ಸ್ಟಡ್ಡು ಹೆಡ್ಡಿನೊಳಗೇ ಮುರಿದು, ಅರ್ಧ ದಿನದ ಕೆಲಸ ಮೂರು ದಿನದ್ದಾಗುತ್ತದೆ. ಹೊರಬಂದ ಹಳೆಯ ಪ್ಯಾಕಿಂಗನ್ನು ಬಿಸಿಲಿಗೆ ಹಿಡಿದು ತೋರಿಸಿದರು. ಮೈಯೆಲ್ಲ ಬೂದು ಬಣ್ಣ, ಪೋರ್ಟುಗಳ ಸುತ್ತ ಒತ್ತಿದ ಉಂಗುರದ ಗುರುತು. ಮೂರನೆಯ ಉಂಗುರದ ಒಂದು ಕಡೆ ಗುರುತೇ ಇರಲಿಲ್ಲ. ಅಲ್ಲಿಂದ ಅಂಚಿನ ವರೆಗೆ, ಮೊದಲು ಕಿರಿದಾಗಿ ಆಮೇಲೆ ಅಗಲವಾಗಿ, ಕಾಡಿಗೆಯಂಥ ಮಸಿಯ ಜಾಡು. ಗಾಳಿ ತಾನು ಹೋದ ದಾರಿಯನ್ನು ತಾನೇ ಬರೆದಿಟ್ಟಿತ್ತು.

ಉಸ್ತಾದರು ಹೊಸದನ್ನು ಕೂರಿಸಲು ಹೋಗಲಿಲ್ಲ. ಮ್ಯಾನಿಫೋಲ್ಡಿನ ಮೈಮೇಲೆ ನೆಟ್ಟನೆಯ ಉಕ್ಕಿನ ಪಟ್ಟಿ ಇಟ್ಟು, ಅದರ ಕೆಳಗೆ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿ ನೋಡಿದರು. ಇಂಥ ಕಡೆ ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಬಾಗಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಮೂರನೆಯ ಪೋರ್ಟಿನ ಬಳಿ ಅದಕ್ಕಿಂತ ದಪ್ಪನೆಯ ಎಲೆಯೇ ತೂರಿಕೊಂಡಿತು. ಆಮೇಲೆ ಎಂಜಿನ್ನನ್ನು ಕೈಯಿಂದ ಅಲುಗಿಸಿ ಮೌಂಟಿಂಗ್ ರಬ್ಬರನ್ನೂ ತೋರಿಸಿದರು, ಅದು ಹರಿದಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಎಂಜಿನ್ ಕುಲುಕಿ, ಸೈಲೆನ್ಸರಿನ ಕೊಳವೆ ಮ್ಯಾನಿಫೋಲ್ಡನ್ನು ಎಳೆದಾಡಿತ್ತು. ಪ್ಯಾಕಿಂಗು ಇಷ್ಟನ್ನೂ ಸಹಿಸಿ ಕೊನೆಗೆ ಸೋತಿತ್ತು. ಅದನ್ನೊಂದನ್ನೇ ಬದಲಿಸಿದ್ದರೆ ಹೊಸದಕ್ಕೂ ಅದೇ ಗತಿ. ಮ್ಯಾನಿಫೋಲ್ಡು ಫೇಸಿಂಗ್ ಮಾಡಿಸಲು, ಅಂದರೆ ಮೈ ಸಮ ಮಾಡಿಸಲು, ಲೇತಿಗೆ ಹೋಯಿತು, ಮೌಂಟಿಂಗ್ ಹೊಸದು ಬಂತು.

ಕೆಟ್ಟು ಹೋದದ್ದು ಯಾವುದು ಮತ್ತು ಕೆಡಿಸಿದ್ದು ಯಾವುದು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು ಎಂದು ಆ ದಿನ ನನಗೆ ಮನದಟ್ಟಾಯಿತು. ಎಲ್ಲಕ್ಕಿಂತ ಮೆದುವಾದದ್ದೇ ಮೊದಲು ಹರಿಯುತ್ತದೆ, ಆದ್ದರಿಂದ ದೂರೂ ಅದರ ಮೇಲೆಯೇ ಬೀಳುತ್ತದೆ. ಗಟ್ಟಿ ಲೋಹದ ಬಾಗು ಯಾರ ಕಣ್ಣಿಗೂ ಬೀಳುವುದಿಲ್ಲ.

ಮರುದಿನ ಜೋಡಣೆ. ಹೆಡ್ಡಿನ ಮೈಮೇಲಿನ ಹಳೆಯ ಚೂರುಗಳನ್ನು ಗೀರು ಬೀಳದಂತೆ ಕೆರೆದರು, ಅದೂ ಒದ್ದೆ ಬಟ್ಟೆ ಒತ್ತಿ ಒತ್ತಿ, ಧೂಳು ಏಳದ ಹಾಗೆ. ಹಳೆಯ ಕಾಲದ ಪ್ಯಾಕಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ದಶಕಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಹಳೆಯ ಕಾರಿನ ಪ್ಯಾಕಿಂಗನ್ನು ಒಣಗಿದ್ದಂತೆಯೇ ಉಜ್ಜಿ ಬಾಯಿಂದ ಊದುವ ಗ್ಯಾರೇಜಿನ ಹುಡುಗರನ್ನು ಕಂಡರೆ ದಯವಿಟ್ಟು ತಡೆಯಿರಿ. ಹೊಸ ಪ್ಯಾಕಿಂಗಿನ ಮೇಲೆ ಯಾವ ಪೇಸ್ಟನ್ನೂ ಅವರು ಬಳಿಯಲಿಲ್ಲ. ಸಾಮಾನ್ಯ ಸಿಲಿಕೋನ್ ಪೇಸ್ಟು ತಡೆಯುವುದು 300 ಡಿಗ್ರಿಯ ಆಸುಪಾಸಿನ ಶಾಖವನ್ನು. ಮ್ಯಾನಿಫೋಲ್ಡಿನ ಬಳಿ ಅದು ಸುಟ್ಟು ಉದುರಿ, ಇದ್ದ ಸಂದನ್ನು ಇನ್ನಷ್ಟು ಅಗಲ ಮಾಡುತ್ತದೆ.

ನಟ್ಟುಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಆಮೇಲೆ ನಡುವಿನಿಂದ ಶುರುಮಾಡಿ ಎರಡೂ ಕೊನೆಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ ಬಿಗಿದರು. ಅಕ್ಕಿರೊಟ್ಟಿ ತಟ್ಟುವವರ ಕೈ ನಡುವಿನಿಂದ ಅಂಚಿಗೆ ಸರಿಯುವ ಹಾಗೆ. ಅಂಚಿನಿಂದ ಬಿಗಿದರೆ ನಡುವೆ ಉಬ್ಬು ಉಳಿಯುತ್ತದೆ. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ನಟ್ಟುಗಳ ಬಿಗಿತ 20–25 ನ್ಯೂಟನ್ ಮೀಟರಿನ ಆಸುಪಾಸು. ಆಯಾ ಕಾರಿನ ಅಂಕಿ ಅದರ ಸರ್ವೀಸ್ ಪುಸ್ತಕದಲ್ಲಿರುತ್ತದೆ. ತೋಳಿನ ಬಲವೆಲ್ಲ ಹಾಕುವ ಜಾಗ ಇದಲ್ಲ. ಹೆಚ್ಚು ಬಿಗಿದರೆ ಮ್ಯಾನಿಫೋಲ್ಡು ಸರಿದಾಡಲಾರದು, ಸ್ಟಡ್ಡು ಮುರಿಯುತ್ತದೆ. ಒಮ್ಮೆ ಒತ್ತಿಸಿಕೊಂಡ ಪ್ಯಾಕಿಂಗು ಆ ಜೋಡಣೆಯ ತಗ್ಗುದಿಬ್ಬಗಳನ್ನೇ ಮೈಗೂಡಿಸಿಕೊಳ್ಳುವುದರಿಂದ ಬಿಚ್ಚಿದ ಮೇಲೆ ಇನ್ನೆಲ್ಲೂ, ಅದೇ ಜಾಗದಲ್ಲೂ, ಸರಿಯಾಗಿ ಕೂರುವುದಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಬಿಚ್ಚಿದಾಗಲೂ ಹೊಸದನ್ನೇ ಹಾಕಬೇಕು ಎನ್ನುವುದು ಅಂಗಡಿಯವರ ಲಾಭದ ಮಾತಲ್ಲ.

ಪ್ಯಾಕಿಂಗಿನ ಬೆಲೆ ಸಣ್ಣ ಕಾರಿಗೆ ಕೆಲವು ನೂರು ರೂಪಾಯಿ. ಕೂಲಿ ಅದಕ್ಕಿಂತ ಹೆಚ್ಚು, ಮತ್ತು ಆ ಕೂಲಿಗೆ ಚೌಕಾಸಿ ಮಾಡಬೇಡಿ. ಉಕ್ಕಿನ ಪಟ್ಟಿ ಇಟ್ಟು ನೋಡುವ ತಾಳ್ಮೆ ಬರುವುದು ಅದರಿಂದಲೇ. ಕೆಲಸ ಮುಗಿದ ಮೇಲೆ ಹಳೆಯದನ್ನು ಕೇಳಿ ಕೈಗೆ ತೆಗೆದುಕೊಂಡು ಮಸಿಯ ಜಾಡು ಎಲ್ಲಿತ್ತು ನೋಡಿ. ರಿಪೇರಿ ಆಗುವ ತನಕ ಕಾರನ್ನು ಮುಚ್ಚಿದ ಜಾಗದಲ್ಲಿ ಸ್ಟಾರ್ಟ್ ಮಾಡಿಡಬೇಡಿ, ಓಡಿಸಲೇಬೇಕಾದರೆ ಗಾಜು ಇಳಿಸಿಕೊಂಡು ಓಡಿಸಿ, ಮಕ್ಕಳನ್ನು ಬೇರೆ ಗಾಡಿಯಲ್ಲಿ ಕಳಿಸಿ. ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಕೂಡಲೇ ನಿಲ್ಲಿಸಿ ಎಲ್ಲರನ್ನೂ ಬಯಲಿಗೆ ಇಳಿಸಿ. ಆಸ್ಪತ್ರೆಗೆ ಹೋದಾಗ ಕಾರಿನ ಸೋರಿಕೆಯ ಅನುಮಾನವನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಪಲ್ಸ್ ಆಕ್ಸಿಮೀಟರಿಗೆ ಆಮ್ಲಜನಕ ಹಿಡಿದ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಅದು 98 ಎಂದೇ ತೋರಿಸಬಹುದು. ಇದಕ್ಕೆಂದೇ ಇರುವ ರಕ್ತಪರೀಕ್ಷೆ ಬೇರೆ, ಅದನ್ನು ಕೇಳಿ ಮಾಡಿಸಬೇಕು.